ಟೋಬಿಯ ಹೆಸರಿಗೆ ಆಮೆನ್

ಹ್ಯಾಡನ್ ಸ್ಪ್ರಿಂಗ್ಸ್, ಅಲಬಾಮ
ಅಕ್ಟೋಬರ್ 16, 1994

ನನ್ನ ಮುದ್ದಿನ ಕೋರಿನ್,

ನರ್ಸಿಂಗ್ ಹಾಸ್ಟೆಲಿನಿಂದ ನೀನು ಬರೆದ ಕಾಗದ ಬಂತು. ಡಿಸೆಂಬರಿನ ಮದುವೆಗೆ ನಮ್ಮ ಊರಿನ ಚರ್ಚನ್ನೇ ಗೊತ್ತುಮಾಡಲೇ ಎಂದು ಕೇಳಿದ್ದೀಯ. ಮೊದಲು ಇಲ್ಲಿನ ಸುದ್ದಿ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ, ಶಾಲೆಯ ಅಡುಗೆಮನೆಗೆ ಹೋಗುತ್ತೇನೆ. ಅಳು ಮಾತ್ರ ಬರುವುದಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ನಿನ್ನ ತಮ್ಮ ಟೋಬಿಯನ್ನು ಮಣ್ಣು ಮಾಡಿ ನೀನು ಭಾನುವಾರ ಹೊರಟೆಯಲ್ಲ, ನಾನು ಸೋಮವಾರವೇ ಕೆಲಸಕ್ಕೆ ಹೋದೆ. ಹೆಡ್‌ಮಾಸ್ಟರ್ ಲೆದರ್‌ವುಡ್ ಎಂದಿನಂತೆ ಮೈಕಿನಲ್ಲಿ ಬೆಳಗಿನ ಪ್ರಾರ್ಥನೆ ಹೇಳಿದರು. ಕಾಯಿಲೆಯವರ ಹೆಸರುಗಳು ಅವರಿಗೆ ಬಾಯಿಪಾಠ. "ಕರ್ತನೇ, ನಮ್ಮ ಟೋಬಿಯನ್ನು ಗುಣಪಡಿಸು, ಬೇಗ ತರಗತಿಗೆ ಕರೆದುಕೊಂಡು ಬಾ" ಎಂದರು. ಶನಿವಾರ ಅವನ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರೇ. ಇಡೀ ಶಾಲೆ ಆಮೆನ್ ಎಂದಿತು. ನನ್ನ ಜೊತೆ ಅಡುಗೆ ಮಾಡುವ ವಿಲ್ಮಾ ಸೌಟು ಹಿಡಿದುಕೊಂಡೇ ಅಂದಳು. ನನ್ನ ಬಾಯಿಂದಲೂ ಬಂತು. ಮಂಗಳವಾರ ಮತ್ತೆ ಅದೇ. ಅವರು ಯಾರೂ ಕೆಟ್ಟವರಲ್ಲ ಕೋರಿನ್. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ. ನಾನು ಮಕ್ಕಳ ತಟ್ಟೆಗೆ ಜೋಳದ ಗಂಜಿ ಬಡಿಸಿದೆ.

ಕೆಲವು ದಿನಗಳಾದ ಮೇಲೆ ಮಾಂಟ್‌ಗೊಮರಿಯ ವಕೀಲರೊಬ್ಬರಿಂದ ಶಾಲೆಗೆ ನೋಟೀಸು ಬಂತು. ಸರ್ಕಾರಿ ಶಾಲೆಯ ಮೈಕಿನಲ್ಲಿ ಪ್ರಾರ್ಥನೆ ಕಾನೂನಿಗೆ ವಿರುದ್ಧ, ನಿಲ್ಲಿಸಿ, ಇಲ್ಲವಾದರೆ ಕೋರ್ಟು ಎಂದು. ದೂರು ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ಊರಿಗೆ ಹೆಸರು ಬೇಕಿರಲೂ ಇಲ್ಲ. ಔಷಧಿ ಅಂಗಡಿಯ ಲೆವಿನ್ ಯೆಹೂದಿ, ಸಾಕಲ್ಲ.

"ಇನ್ಯಾರೇ ಮತ್ತೆ?" ಎಂದಳು ವಿಲ್ಮಾ. "ನಮ್ಮ ದುಡ್ಡು ಬೇಕು, ನಮ್ಮ ದೇವ್ರು ಬೇಡ. ತಲೆ ಸಿಡಿದು ಹೋದ್ರೂ ಆ ಅಂಗಡಿ ಮೆಟ್ಲು ಹತ್ತಲ್ಲ ಬಿಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟೋಬಿಯ ಮಾತ್ರೆಗಳನ್ನು ಮನೆಗೇ ತಂದುಕೊಡುತ್ತಿದ್ದವರು ಆ ಲೆವಿನ್. ಈಗ ಅವರ ಮಗಳು ತಮಾರ್ ಊಟದ ಹೊತ್ತಿಗೆ ಒಬ್ಬಳೇ ಕೂರುತ್ತಾಳೆ. ಒಂದು ದಿನ ತಟ್ಟೆ ಒಡ್ಡಿದವಳು, "ನೆಲ್ಡಾ ಆಂಟಿ, ನಿಮಗೂ ನಮ್ಮ ಮೇಲೆ ಕೋಪಾನಾ?" ಎಂದಳು. "ಇಲ್ಲ ಮಗು, ತಿನ್ನು ಹೋಗು" ಎಂದೆ. ಹೇಳಬೇಕಾದದ್ದು ಬೇರೆ ಇತ್ತು.

ಮೊನ್ನೆ ಶುಕ್ರವಾರ ಶಾಲೆಯ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಎಂದಿನ ಪ್ರಾರ್ಥನೆಯಿಲ್ಲದೆ ಮೈಕು ಸುಮ್ಮನಿತ್ತು. ಆದರೆ ಜನರೆಲ್ಲ ಎದ್ದು, ಕೈಕೈ ಹಿಡಿದು, ಕರ್ತನ ಪ್ರಾರ್ಥನೆಯನ್ನು ಲೆವಿನ್ ಕುಟುಂಬದ ಕಡೆಗೇ ತಿರುಗಿ ಕೂಗಿ ಹೇಳಿದರು. ನನ್ನ ಕೈ ವಿಲ್ಮಾಳ ಕೈಯಲ್ಲಿತ್ತು. ತಪ್ಪುಗಳನ್ನು ಕ್ಷಮಿಸು ಎನ್ನುವಲ್ಲಿಗೆ ಬಂದಾಗ ಯಾರೋ ಲೆವಿನ್ ಮುಖಕ್ಕೆ ಕೋಲಾ ಎರಚಿದರು. ತಮಾರ್ ತನ್ನ ಸ್ವೆಟರಿನ ತೋಳಿನಿಂದ ಅಪ್ಪನ ಕನ್ನಡಕ ಒರೆಸಿದಳು. ನನಗೆ ಏನೂ ಅನ್ನಿಸಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಚಳಿ ಶುರುವಾಗಿದೆ, ಬೆಚ್ಚಗಿರು.

ನಿನ್ನ ಅಮ್ಮ,
ನೆಲ್ಡಾ

ಮರೆತಿದ್ದೆ: ಮದುವೆಗೆ ಬೇರೆ ಊರಿನ ಚರ್ಚು ನೋಡು. ಮಂಗಳವಾರ ಶಾಲಾ ಮಂಡಳಿಯ ಸಭೆಯಿದೆ. ವಕೀಲರ ಹತ್ತಿರ ಹೋದದ್ದು ಲೆವಿನ್ ಅಲ್ಲ, ನಾನು ಎಂದು ಅಲ್ಲಿ ಎದ್ದು ನಿಂತು ಹೇಳುತ್ತೇನೆ. ಆಮೇಲೆ ಈ ಊರಿನಲ್ಲಿ ನಿನ್ನ ಮದುವೆಗೆ ಯಾರೂ ಬರಲಿಕ್ಕಿಲ್ಲ, ನನ್ನನ್ನು ಬೈದುಕೋ. ಆ ಸಭೆಯೂ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ಆಮೆನ್ ಅನ್ನದೆ ಕೂರುವುದನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ.