ಸ್ವಿಚ್ ಹಾಕಿದ ದೇವರು

ಶನಿವಾರ, ಮಾರ್ಚ್ 14

ಪ್ರೀತಿಯ ಮೇಷ್ಟ್ರೇ,

ನಿನ್ನ ಪುಸ್ತಕ ತಲುಪಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬಲಗೈ ಹೋದ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. "ಒಂದನೇ ಕ್ಲಾಸಲ್ಲೂ ಹೀಗೇ ಬರೀತಿದ್ರಾ?" ಎಂದು ಹೆಂಡತಿ ರೇಗಿಸುತ್ತಾಳೆ. ಲಿಫ್ಟ್ ಕಂಪನಿಯವರು ನನ್ನನ್ನು ಮನೆಗೆ ಕಳಿಸಿದಾಗಿನಿಂದ ಅವಳ ಹೊಲಿಗೆಯೇ ಸಂಸಾರ ನಡೆಸುತ್ತಿದೆ. ನಾನು ಶರ್ಟಿನ ಗುಂಡಿ ವಿಂಗಡಿಸಿ ಕೊಡುತ್ತೇನೆ.

ಪುಸ್ತಕವನ್ನು ಮಗಳು ಓದಿ ಹೇಳಿದಳು. ದೇವರೇ ಕರ್ತ ಎನ್ನುವವರಲ್ಲೂ ಎಷ್ಟೊಂದು ಪಂಗಡ! ಲೋಕಕ್ಕೆ ಚಾಲನೆ ಕೊಟ್ಟು ಸುಮ್ಮನೆ ಕೂತ ಎನ್ನುವವರು, ನಾವು ಮಾಡುವ ಕೆಲಸದೊಳಗೇ ಅವನೂ ಕೆಲಸ ಮಾಡುತ್ತಾನೆ ಎನ್ನುವವರು. ನೀನು ಹಿಡಿದ ಪಕ್ಷದಲ್ಲಿ ಮಾಡುವವನು ಅವನೊಬ್ಬನೇ, ನಾವು ಬರೀ ನೆಪ. ಹಿಂದೆ ಇದನ್ನು ಗೇಲಿ ಮಾಡುತ್ತಿದ್ದವನು ನೀನೇ. "ಹಾಗಾದ್ರೆ ಕದ್ದೋನಿಗೆ ಯಾಕೋ ಜೈಲು, ದೇವರನ್ನೇ ಹಿಡ್ಕೊಂಡು ಬರ್ಲಿ" ಎಂದು ನಗಿಸಿದ್ದೆ. ಯಾವಾಗ ಪಕ್ಷ ಬದಲಾಯಿಸಿದೆ ಎಂದುಕೊಳ್ಳುವಷ್ಟರಲ್ಲಿ ಏಳನೇ ಅಧ್ಯಾಯ ಬಂತು.

ಅಲ್ಲಿದ್ದದ್ದು ನಿನ್ನ ಕಾಲೇಜಿನ ಲಿಫ್ಟು, ನನ್ನ ಕೈ. ನಾನು "ಒಬ್ಬ ಮೆಕ್ಯಾನಿಕ್". ಸ್ವಿಚ್ ಹಾಕಿದ ಬೆರಳು ನೆಪ ಮಾತ್ರ, ಕೈ ಸಿಕ್ಕಿಕೊಂಡ ಚಕ್ರವನ್ನು ತಿರುಗಿಸಿದವನು ದೇವರು ಎಂದು ಬರೆದಿದ್ದೀಯ. ಮಗಳು ಅಲ್ಲಿಗೆ ನಿಲ್ಲಿಸಿದಳು. ಮುಂದೆ ಓದು ಎನ್ನಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಕೆಲಸದ ಕಟ್ಟುಪಾಡು ನಿನಗೂ ಗೊತ್ತು. ಲಿಫ್ಟಿನ ತಳಕ್ಕೆ ಇಳಿಯುವ ಮುಂಚೆ ಮೇನ್ ಸ್ವಿಚ್ ಆರಿಸಿ, ಅದಕ್ಕೆ ನಮ್ಮ ಹೆಸರಿನ ಚೀಟಿ ಕಟ್ಟುತ್ತೇವೆ. ಕಟ್ಟಿದವನೇ ಬಿಚ್ಚಬೇಕು, ಮಾಲೀಕನೂ ಮುಟ್ಟುವ ಹಾಗಿಲ್ಲ. ದೇವರು ಅದನ್ನು ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಮುಟ್ಟಿದರೆ ಮನುಷ್ಯನೇ. ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಂಚಿನ ಮೇಲೆ ಜೊತೆಗೆ ಕೂತು ಕಲಿತವನ ನೋವನ್ನು ಪಾಠದ ಉದಾಹರಣೆ ಮಾಡಿಬಿಟ್ಟೆಯಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ನಿನ್ನ ಮಗನಿಗೆ ಈ ಸಲದ ಪರೀಕ್ಷೆ ಸಲೀಸಾಗಲಿ, ನೂರು ಕಾಲ ಚೆನ್ನಾಗಿ ಬಾಳಲಿ.

ನಿನ್ನ
ಸ್ಪ್ಯಾನರ್

ಇನ್ನೊಂದು ಮಾತು: ಚೀಟಿ ಕಟ್ಟಲು ಮರೆತೆ ಎಂದು ವಿಚಾರಣೆಯಲ್ಲಿ ನಾನೇ ಬರೆದುಕೊಟ್ಟೆ. ಅದಕ್ಕೇ ಕೆಲಸ ಹೋದದ್ದು. ಮರೆತಿರಲಿಲ್ಲ, ಕಟ್ಟಿದ್ದೆ. ಅವತ್ತು ನಾಲ್ಕನೇ ಮಹಡಿಯಲ್ಲಿ ನಿನ್ನ ಭಾಷಣವಿತ್ತು, ನಿನಗೆ ಹೊತ್ತಾಗಿತ್ತು. "ಇದನ್ಯಾರು ಆರಿಸಿದ್ದು" ಎಂಬ ನಿನ್ನ ದನಿ ಕೆಳಗೆ ನನಗೆ ಕೇಳಿಸಿತು. ಕೂಗುವಷ್ಟರಲ್ಲಿ ಚಕ್ರ ತಿರುಗಿತು. ನಿನ್ನ ನೌಕರಿ ಉಳಿಯಲಿ ಎಂದು ಹನ್ನೊಂದು ತಿಂಗಳು ಬಾಯಿ ಬಿಡಲಿಲ್ಲ. ಒಂದು ದಿನ ಬಂದು "ನಾನೇ ಕಣೋ" ಅಂತೀಯ ಎಂದು ಕಾಯುತ್ತಿದ್ದೆ. ನೀನು ಪುಸ್ತಕ ಕಳಿಸಿದೆ.