ಬಾರದ ಔಷಧಿಗೆ ಹಿಡಿದ ಪಥ್ಯ

ಮದರಾಸು
12-3-1988

ಮಾತೃಸಮಾನಳಾದ ಅಕ್ಕ ಕಸ್ತೂರಮ್ಮನಿಗೆ ರುದ್ರಾಣಿಯ ನಮಸ್ಕಾರಗಳು.

ಭಾವನ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿ ಬಿಳಿಚೋಡಿನಲ್ಲಿ ಬಸ್ಸು ಹತ್ತಿದವಳು ಒಂದೂವರೆ ತಿಂಗಳು ಕಾಗದ ಹಾಕಲಿಲ್ಲ, ತಪ್ಪಾಯಿತು. ಕೂತಾಗಲೆಲ್ಲ ಅಭ್ಯಾಸಬಲದಿಂದ ‘ಸೌ.’ ಎಂದು ಬರೆದು ಹಾಳೆ ಹರಿಯುತ್ತಿದ್ದೆ.

ಬಸ್ಸಿಗೆ ಕಾಯುವಾಗ ನೀನು ಕೇಳಿದೆ: “ಆ ಔಷಧಿ ಯಾಕೆ ಬರಲಿಲ್ಲ ರುದ್ರಿ? ಸರಿಯಾಗಿ ಕೂತೈತೆ ಅಂತ ನೀನೇ ಬರ್ದಿದ್ಯಲ್ಲ?” ಆಗ ತಪ್ಪಿಸಿಕೊಂಡೆ. ಈಗ ಹೇಳುತ್ತೇನೆ.

ಭಾವನ ಲಿವರ್ ತಿಂದ ಕಾಮಾಲೆಯ ವೈರಸ್ಸು ಬೆಳೆಯಲು ಅದಕ್ಕೊಂದು ಕಿಣ್ವ ಬೇಕು. ಆ ಕಿಣ್ವದಲ್ಲೊಂದು ಸಂದು ಇದೆ, ಕೆಲಸವೆಲ್ಲ ನಡೆಯುವುದು ಅಲ್ಲೇ. ಕಣದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತೇವಲ್ಲ, ಹಾಗೆ ಆ ಸಂದನ್ನು ಮುಚ್ಚುವ ವಸ್ತು ಹುಡುಕುವುದು ನನ್ನ ಕೆಲಸ. ಸಂದಿನ ಆಕಾರ ತಿಳಿಯಲು ಕಿಣ್ವವನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸುತ್ತೇವೆ. ಹರಳು ಬರಲಿಕ್ಕೇ ಮೂರು ವರ್ಷ ಹಿಡಿಯಿತು. ದೀಪಾವಳಿ ಹೊತ್ತಿಗೆ ನಾವು ಯೋಚಿಸಿದ ವಸ್ತುವೊಂದು ಕಂಪ್ಯೂಟರ್ ಪರದೆಯ ಮೇಲೆ ಆ ಸಂದಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಖುಷಿ ತಡೆಯಲಾರದೆ ಅಂದೇ ನಿಮಗೆ ಬರೆದೆ. ಪರದೆಯಿಂದ ರೋಗಿಯ ಬಾಯಿಗೆ ಬರಲು ಹತ್ತು ವರ್ಷವಾದರೂ ಬೇಕೆಂದು ಮಾತ್ರ ಬರೆಯಲಿಲ್ಲ. ತಿಂಗಳೊಳಗೆ ಗಾಜಿನ ನಳಿಕೆಯಲ್ಲಿ ಪರೀಕ್ಷಿಸಿದರೆ ಅದು ಕಿಣ್ವವನ್ನು ತಡೆಯಲೇ ಇಲ್ಲ. ನಾಚಿಕೆಯಾಗಿ ಅದನ್ನೂ ಬರೆಯಲಿಲ್ಲ.

ಆರಾಧನೆಯ ದಿನ ಜಯದೇವಪ್ಪ ಮಾವ ಪಂಕ್ತಿಯಲ್ಲಿ ಎಲ್ಲರೆದುರು ಹೇಳಿದರಲ್ಲ: “ದಾವಣಗೆರೆ ಡಾಕ್ಟ್ರು ಕೊಟ್ಟ ಮಾತ್ರೆನೆಲ್ಲ ಗೂಡಿನಾಗೆ ಇಟ್ಟ. ರುದ್ರಿ ಔಷಧಿ ಬರೋತಂಕ ಬೇರೇದು ಮುಟ್ಟಬಾರದು, ಪಥ್ಯ ಕೆಡತೈತೆ ಅಂದ. ಉಪ್ಪಿಲ್ಲ, ಎಣ್ಣಿಲ್ಲ, ಹಾಲಿಲ್ಲ. ಮೂರು ತಿಂಗಳು ಬರೀ ಗಂಜಿ ಕುಡಿದ್ರೆ ಆಳು ಹೆಂಗೆ ಉಳಿತಾನೆ?” ಭಾವನದು ಕಲ್ಲಿನಂಥ ಹಟ ಎಂದು ಎಲ್ಲರೂ ಬೈದರು. ಅಳುತ್ತಲೇ ನೀನೂ ಬೈದೆ. ನಾನು ಎಲೆಯ ಮೇಲಿದ್ದುದನ್ನು ಉಂಡು ಮುಗಿಸಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಅಕ್ಕ. ಮಕ್ಕಳಿಗೆ ನನ್ನ ಆಶೀರ್ವಾದ. ಆ ಶಿವ ಇನ್ನಾದರೂ ನಿಮ್ಮ ಕೈ ಬಿಡದಿರಲಿ.

ನಿನ್ನ ತಂಗಿ
ರುದ್ರಾಣಿ

ತಾ.ಕ.: ಪಥ್ಯ ಭಾವನ ಹಟವಲ್ಲ, ಅಕ್ಕ. ಕಾರ್ತಿಕದಲ್ಲಿ ಅವರು ನನಗೊಂದು ಕಾರ್ಡು ಹಾಕಿದ್ದರು: “ರುದ್ರಮ್ಮ, ಔಷಧಿ ತಡ ಆದರೂ ಚಿಂತೆಯಿಲ್ಲ. ಪಥ್ಯ ಏನೆಂದು ಬರಿ, ಈಗಿನಿಂದಲೇ ಹಿಡಿಯುತ್ತೇನೆ.” ಇಲ್ಲಿ ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿ ನಕ್ಕೆ. ನಮ್ಮಜ್ಜಿ ಕಾಮಾಲೆಯವರಿಗೆ ಹೇಳುತ್ತಿದ್ದುದನ್ನೇ ತಮಾಷೆಗೆ ಬರೆದು ಕಳಿಸಿದೆ: ಉಪ್ಪು, ಎಣ್ಣೆ, ಹಾಲು ಬಿಡಿ ಭಾವ, ಬೇರೆ ಯಾವ ಔಷಧಿಯನ್ನೂ ಮುಟ್ಟಬೇಡಿ.