ಬಿಳಿಬಂಡೆಗಾಗಿ ಕಾಯುವ ಕಣಜ

ಒಂಬತ್ತನೆಯ ಮಳೆಯ ವರ್ಷ, ಇಪ್ಪತ್ತೊಂದನೆಯ ತಿಂಗಳು
ಹಳೆ ಜಿನ್ನಿನ ಬಿಡಾರ, ಕಪ್ಪತಗುಡ್ಡದ ಕೆಳಗೆ

ನನಗೆ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೆಯೇ. ಇದನ್ನು ನಮ್ಮ ಬಿಡಾರದಲ್ಲಿ ಯಾರಿಗೂ ಹೇಳಿಲ್ಲ. ಸುಳ್ಳು ಹೇಳಿದೆನೆಂದಲ್ಲ, ಯಾರೂ ಕೇಳಲಿಲ್ಲ. ನಾನು ಶಾಲೆ ಬಿಟ್ಟದ್ದು ಬೇಸರಕ್ಕೆ ಎಂದು ಎಲ್ಲರೂ ನಂಬಿದ್ದಾರೆ. ಬೇಸರವೂ ಇತ್ತು, ಒಂದೆಡೆ ಕುಳಿತರೆ ನನ್ನ ಕಾಲು ತಾನಾಗಿ ಅಲ್ಲಾಡತೊಡಗುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಕಲಿಸುವುದು ಕೇಳುವುದನ್ನು. ಬಾವಿಗೆ ಕಲ್ಲು ಹಾಕಿ, ಸದ್ದು ಯಾವ ಗೋಡೆಗೆ ತಾಗಿ ಬಂತು, ಒರತೆ ಯಾವ ದಿಕ್ಕಿಗಿದೆ ಎಂದು ಹೇಳಬೇಕು. ಒಂದೇ ಕಿವಿಗೆ ದಿಕ್ಕು ಗೊತ್ತಾಗುವುದಿಲ್ಲ.

ನೀವು ನನಗಿಂತ ಬಹಳ ಹಿಂದಿನವರು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಮೇಲಿನ ತಾರೀಖು ತಪ್ಪಲ್ಲ. ಮಳೆ ಬೀಳುವ ತನಕ ವರ್ಷ ಮುಗಿಯಿತೆಂದು ನಾವು ಒಪ್ಪುವುದಿಲ್ಲ, ಆದ್ದರಿಂದ ತಿಂಗಳುಗಳು ಹನ್ನೆರಡಕ್ಕೆ ನಿಲ್ಲುವುದಿಲ್ಲ. ಈ ಪತ್ರ ಹಿಂದಕ್ಕೆ ನಿಮ್ಮ ತನಕ ಹೇಗೆ ಬರುತ್ತದೆಂದು ಕೇಳಬೇಡಿ. ನನಗೆ ಗೊತ್ತಿಲ್ಲ.

ನನ್ನ ಹೆಸರು ಹುಲಿಗೆವ್ವ. ಹಿಂದೆ ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಜಿನ್ನಿನ ಕಟ್ಟಡದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿ ನಾಲ್ಕು ಕಬ್ಬಿಣದ ಪೆಟ್ಟಿಗೆಗಳಿವೆ. ಅವುಗಳೊಳಗೆ ಅರವತ್ತು ಒಳಮನೆಗಳು. ಒಳಮನೆ ಎಂದರೆ ಕೈಗೆ ಸಿಗದ ಕಂಪ್ಯೂಟರ್. ಪೆಟ್ಟಿಗೆ ತನ್ನೊಳಗೇ ಅದನ್ನು ಕಲ್ಪಿಸಿಕೊಂಡಿರುತ್ತದೆ, ಆದರೆ ತನಗೆ ಸ್ವಂತ ತಂತಿ, ಸ್ವಂತ ಡಿಸ್ಕ್ ಇದೆಯೆಂದೇ ಅದರ ನಂಬಿಕೆ. ನಿಜದಲ್ಲಿ ಎಲ್ಲವೂ ಒಂದೇ ದಾರಿಯಿಂದ ಹೋಗಿ ಒಂದೇ ಕಣಜದಿಂದ ತಂದು ಉಣ್ಣುತ್ತವೆ. ಕಣಜವೆಂದರೆ ಪಕ್ಕದ ಕೋಣೆಯ ಡಿಸ್ಕುಗಳ ಸಾಲು. ಸುತ್ತಲಿನ ಬಾವಿಗಳ ದನಿಯೆಲ್ಲ ಅಲ್ಲಿದೆ. ಬಿಡಾರ ಕೀಳುವ ಮುಂಚೆ ಒಳಮನೆಗಳು ಹಳೆಯ ದನಿಗೆ ಹೊಸ ದನಿ ಹೋಲಿಸಿ ಒರತೆಯ ಲೆಕ್ಕ ಹಾಕುತ್ತವೆ. ಮುಂದಿನ ನೀರು ಎಲ್ಲಿ ಎಂದು ಹೇಳುವುದು ಆ ಲೆಕ್ಕ.

ನಮ್ಮ ಬೆಳಗು ನಿಮ್ಮ ಬೆಳಗಿನಂತಿರಲಿಕ್ಕಿಲ್ಲ. ಮೊದಲು ಬಾವಿಗೆ ಹಗ್ಗ ಬಿಡುತ್ತೇವೆ, ಮೇಲೆ ಬಂದದ್ದನ್ನು ಬಟ್ಟೆಯಲ್ಲಿ ಸೋಸುತ್ತೇವೆ, ಬಿಸಿಲುಬಂಡಿಗಳ ಹಲಗೆಯನ್ನು ಒಣಬಟ್ಟೆಯಿಂದ ಒರೆಸುತ್ತೇವೆ. ಬಿಸಿಲುಬಂಡಿ ಎಂದರೆ ಬಿಸಿಲನ್ನೇ ಉಂಡು ನಡೆಯುವ ಗಾಡಿ. ಹಲಗೆಯ ಮೇಲೆ ಧೂಳು ಕೂತರೆ ಅದು ಹಸಿದ ಎತ್ತಿನಂತೆ ನಿಂತುಬಿಡುತ್ತದೆ. ನಿನ್ನೆ ಬೆಳಿಗ್ಗೆ ಹಗ್ಗದ ತುದಿಯಲ್ಲಿ ಕೆಸರೇ ಹೆಚ್ಚು ಬಂತು. ತುಂಬಿಟ್ಟ ಕೊಡಗಳಲ್ಲಿ ಇಲ್ಲಿ ಕೂತು ಕುಡಿಯಲು ಇಂದಿಗೆ ಸಾಲುವಷ್ಟಿತ್ತು, ದಾರಿಗೆ ಬೇರೆ ಇಡಬೇಕಿತ್ತು. ನಾಳೆ ಹೊರಡಲೇಬೇಕು. ಪಡುವಣಕ್ಕೋ ತೆಂಕಣಕ್ಕೋ ಲೆಕ್ಕವೇ ಹೇಳಬೇಕು. ತಪ್ಪು ದಿಕ್ಕಿಗೆ ಹೋದರೆ ಮರಳಿ ಬರಲು ನೀರಿರುವುದಿಲ್ಲ. ಲೆಕ್ಕವೋ ಅರ್ಧದಲ್ಲಿ ತೆವಳುತ್ತಿತ್ತು. ಕಣಜದ ಆ ಹರಿವಿನಲ್ಲಿ ಅದು ಮುಗಿಯಲು ಇನ್ನೂ ಹತ್ತು ದಿನ ಬೇಕಿತ್ತು.

ಕಳಕಪ್ಪ ನಮ್ಮ ಹಿರಿಯ ಕೇಳುಗ, ಶಾಲೆಯ ಗುರು. ಅವರು ಬಂದು ಕಣಜಕ್ಕೆ ಕಿವಿಯಿಟ್ಟರು. ಯಂತ್ರ ಕೆಟ್ಟರೂ ಮೊದಲು ಕಿವಿಯಿಡುವುದು ನಮ್ಮವರ ಪದ್ಧತಿ. ಹಳೆಯ ಡಿಸ್ಕೊಂದು ಟಿಕ್ ಟಿಕ್ ಎನ್ನುತ್ತಿತ್ತು. ಅದು ದಣಿದಿದೆ, ಬತ್ತಿದ ಬಾವಿಗೆ ಕೊಡುವಂತೆ ಬಿಡುವು ಕೊಡಿ, ಮತ್ತೆ ಊರುತ್ತದೆ ಎಂದರು. ನಿನ್ನೆ ಅರ್ಧ ದಿನ ಲೆಕ್ಕ ನಿಲ್ಲಿಸಿದೆವು. ಮತ್ತೆ ಹಚ್ಚಿದಾಗ ಹರಿವು ನಿಜಕ್ಕೂ ಹೆಚ್ಚಾಗಿತ್ತು. ಎಲ್ಲರೂ ಕಳಕಪ್ಪನವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಒಂದು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಅದೇ ತೆವಳಾಟ.

ನಾನು ತಪ್ಪು ತಂತಿಯದು ಎಂದು ಹಟ ಹಿಡಿದೆ. ಇಂದು ಬೆಳಗಿನಿಂದ ಒಂದೊಂದೇ ತಂತಿ ಕಿತ್ತು ಬೇರೆ ಹಾಕಿದೆ. ಕಳಕಪ್ಪ ಬಾಗಿಲಲ್ಲಿ ನಿಂತು ನೋಡಿದರು.

“ಸಾಲಿ ಬಿಟ್ಟಾಕಿ, ತಂತಿ ಮ್ಯಾಲ ಯಾಕ ಸಿಟ್ಟು ತೀರಿಸ್ಕೋತೀ? ಅವೇನು ನಿನಗ ಪಾಠ ಹೇಳಿದ್ವೇನು?”

ತಂತಿಗಳಲ್ಲಿ ಏನೂ ತಪ್ಪಿರಲಿಲ್ಲ. ನನ್ನ ಹಟಕ್ಕೆ ಒಂದು ಇಡೀ ಬೆಳಗು ಹೋಯಿತು. ಅದನ್ನು ಎಲ್ಲರೆದುರು ಒಪ್ಪಿಕೊಂಡೆ.

ಆಮೇಲೆ ಮೊದಲೇ ಮಾಡಬೇಕಿದ್ದುದನ್ನು ಮಾಡಿದೆ. ದಾರಿಯನ್ನೇ ಬೇರೆ, ಕಣಜವನ್ನೇ ಬೇರೆ ಪರೀಕ್ಷಿಸಿದೆ. ಒಳಮನೆಯಿಂದ ಕಣಜದ ಬಾಗಿಲ ತನಕ ಬರೀ ದಾರಿಯಲ್ಲಿ ದನಿ ಓಡಿಸಿದರೆ ತುಂಬಿದ ಹಳ್ಳದಂತೆ ಹರಿಯಿತು. ಡಿಸ್ಕುಗಳನ್ನು ಒಂದೊಂದಾಗಿ ಓದಿಸಿದರೆ, ಆ ಟಿಕ್ ಟಿಕ್ ಡಿಸ್ಕ್ ಕೂಡ ಚುರುಕಾಗಿಯೇ ಕೊಟ್ಟಿತು. ಕಣಜದಿಂದ ತರುವುದು ಜೋರು, ಲೆಕ್ಕದ ಪ್ರತಿ ಹೆಜ್ಜೆಯನ್ನು ಮರಳಿ ಕಣಜಕ್ಕೆ ಹಾಕುವುದು ಮಾತ್ರ ನಿಧಾನ. ಒಂದು ಹಿಡಿ ಹಾಕಿದ ಮೇಲೆ ಕಣಜ ಸುಮ್ಮನೆ ನಿಲ್ಲುತ್ತಿತ್ತು. ಕೆಲಸ ಮಾಡುತ್ತಿರಲಿಲ್ಲ, ಯಾರಿಗೋ ಕಾಯುತ್ತಿತ್ತು. ಯಾರಿಗೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ದಾವಲಬಿಗೆ. ಅವಳು ನನ್ನನ್ನು ಶಾಲೆಯ ಅಂಗಳದಿಂದ ಕರೆತಂದು ಈ ಕೆಲಸ ಕಲಿಸಿದವಳು. ಮೊಣಕಾಲು ಹಿಡಿದು ವರ್ಷಗಳಾದವು, ಬಂಡಿಯಿಂದ ಕುರ್ಚಿ, ಕುರ್ಚಿಯಿಂದ ಬಂಡಿ. ಕಣಜ ಕಟ್ಟಿದವರಲ್ಲಿ ಉಳಿದಿರುವವಳು ಅವಳೊಬ್ಬಳೇ.

“ಪಂಗತ್ಯಾಗ ಕಡೀ ಮಂದಿ ಕೈ ತೊಳಿಯೂತನಕ ಮೊದಲಿನವ್ರು ಏಳೂ ಹಂಗಿಲ್ಲ,” ಎಂದಳು. “ಕಣಜಕ್ಕೂ ನಾವು ಅದನ್ನ ಕಲಿಸೇವಿ.”

ನಮ್ಮ ಬಿಡಾರಗಳಲ್ಲಿ ಊಟದ ನಿಯಮ ಅದು. ಕೊನೆಯವನು ಕಡೆಯ ತುತ್ತು ನುಂಗುವ ತನಕ ಯಾರೂ ಎಲೆ ಬಿಟ್ಟು ಏಳುವುದಿಲ್ಲ. ಕಣಜ ಕಟ್ಟುವಾಗ ಅದರ ಒಂದು ಜೋಡಿಯನ್ನು ಗುಡ್ಡದಾಚೆ ಬಿಳಿಬಂಡೆಯ ಬಿಡಾರದಲ್ಲೂ ಇಟ್ಟರು. ಇಲ್ಲಿ ಹಾಕಿದ ಪ್ರತಿ ಹಿಡಿಯೂ ರೇಡಿಯೊದಲ್ಲಿ ಅಲ್ಲಿಗೆ ಹೋಗಿ, ಅಲ್ಲಿಂದ ‘ಉಂಡೆನು’ ಎಂಬ ಉತ್ತರ ಬಂದ ಮೇಲೆಯೇ ಮುಂದಿನ ಹಿಡಿ. ಒಂದು ಸುಟ್ಟರೂ ಇನ್ನೊಂದು ಇರಲಿ ಎಂದು. ಬಿಳಿಬಂಡೆಯಿಂದ ಮನುಷ್ಯರ ಮಾತು ಬಂದು ಈಗ ಎರಡು ಬೇಸಿಗೆ ದಾಟಿದೆ. ಪೆಟ್ಟಿಗೆ ಮಾತ್ರ ಇನ್ನೂ ಉತ್ತರಿಸುತ್ತಿತ್ತು, ದಿನೇದಿನೇ ತಡವಾಗಿ. ಅಲ್ಲಿನ ಬಿಸಿಲಹಲಗೆಯ ಮೇಲೆ ಧೂಳು ಕೂತು ಬ್ಯಾಟರಿ ಸೊರಗಿರಬೇಕು. ನಿನ್ನೆ ಅರ್ಧ ದಿನ ಕೊಟ್ಟ ಬಿಡುವಿನಿಂದ ಚೇತರಿಸಿಕೊಂಡದ್ದು ನಮ್ಮ ಡಿಸ್ಕ್ ಅಲ್ಲ, ಆ ಬ್ಯಾಟರಿ.

ಬಿಳಿಬಂಡೆಯ ಕಣಜವನ್ನು ನೋಡಿಕೊಳ್ಳುತ್ತಿದ್ದವಳು ಹುಸೇನಬಿ, ದಾವಲಬಿಯ ತಂಗಿ.

ಹಾಗಾದರೆ ಬಿಳಿಬಂಡೆಯನ್ನು ಸಾಲಿನಿಂದ ತೆಗೆಯೋಣ, ಲೆಕ್ಕ ಸಂಜೆಯೊಳಗೆ ಮುಗಿಯುತ್ತದೆ ಎಂದೆ. ದಾವಲಬಿ ಪರದೆಯ ಮೂಲೆಯಲ್ಲಿ ಬಿಳಿಬಂಡೆಯ ಹಸಿರು ದೀಪ ಮಿಣುಕುವುದನ್ನೇ ನೋಡುತ್ತಿದ್ದಳು. ಪ್ರತಿ ಉತ್ತರಕ್ಕೂ ಅದು ಒಮ್ಮೆ ಹೊಳೆಯುತ್ತದೆ. ಅವಳ ಕುರ್ಚಿ ಯಾವಾಗಲೂ ಆ ಮೂಲೆಗೇ ಯಾಕಿರುತ್ತದೆ ಎಂದು ನನಗೆ ಆಗ ತಿಳಿಯಿತು. ತಿಳಿದರೂ ಬಾಯಿ ಸುಮ್ಮನಿರಲಿಲ್ಲ.

“ಅಕ್ಕಾ, ಉತ್ತರಾ ಕೊಡಾಕತ್ತಿದ್ದು ನಿನ್ನ ತಂಗಿ ಅಲ್ಲ. ಪೆಟ್ಟಿಗಿ.”

“ನನಗ ಗೊತ್ತಿಲ್ಲಂತ ನಿನಗ ಯಾರು ಹೇಳಿದ್ರು?”

ಕಳಕಪ್ಪ ನೆಲ ನೋಡಿದರು. ಹೊರಗೆ ಮಕ್ಕಳು ಖಾಲಿ ಕೊಡಗಳನ್ನು ಬಂಡಿಗೆ ಏರಿಸುವ ಸದ್ದು ಕೇಳಿಸುತ್ತಿತ್ತು. ಅವಳೂ ಅದನ್ನು ಕೇಳಿದಳು. ಕುರ್ಚಿಯನ್ನು ಪರದೆಯ ಹತ್ತಿರ ಎಳೆಯಲು ಹೇಳಿದಳು.

“ಎಬ್ಬಿಸಿ ಕಳಸೂದು ಬ್ಯಾಡ. ಎರಡನೇ ಪಂಗತಿಗೆ ಕೂಡ್ರಸೂಣು. ನಾವು ಉಂಡು ಏಳೂಣು, ಅಕಿಗೆ ಆಮ್ಯಾಲ ಬಡಸೂಣು.”

ಕಣಜದ ನಿಯಮವನ್ನು ತನ್ನ ಕೈಯಾರೆ ಬದಲಿಸಿದಳು. ಇನ್ನು ಕಣಜ ಕಾಯುವುದಿಲ್ಲ. ಬಿಳಿಬಂಡೆಯ ಪಾಲನ್ನು ಬದಿಗೆ ಎತ್ತಿಟ್ಟುಕೊಂಡು, ಅದು ಉಂಡಷ್ಟು ಉಣ್ಣಲಿ ಎಂದು ಕಳಿಸುತ್ತಿರುತ್ತದೆ. ಹರಿವು ಒಮ್ಮೆಲೇ ಬಿಟ್ಟುಕೊಂಡಿತು, ಅರವತ್ತು ಒಳಮನೆಗಳೂ ಎಚ್ಚೆತ್ತವು. ಇಳಿಹೊತ್ತಿಗೆ ಲೆಕ್ಕ ಮುಗಿಯಿತು. ನೀರು ಪಡುವಣಕ್ಕೆ. ಕಳಕಪ್ಪ ನನ್ನ ತಲೆಯ ಮೇಲೊಂದು ಮೊಟಕಿ, ಬಂಡಿಗಳವರಿಗೆ ಹೇಳಲು ಹೋದರು.

ನಾನು ಮಾತ್ರ ಎತ್ತಿಟ್ಟ ಪಾಲಿನ ರಾಶಿಯನ್ನು ನೋಡುತ್ತ ಕುಳಿತೆ. ಅದು ಕರಗುವ ಸೂಚನೆಯೇ ಇರಲಿಲ್ಲ. ಹೊತ್ತು ಇಳಿದಂತೆ ಬಿಳಿಬಂಡೆ ಇನ್ನಷ್ಟು ನಿಧಾನವಾಗಬೇಕಿತ್ತು. ಇದ್ದಕ್ಕಿದ್ದಂತೆ ಹಸಿರು ದೀಪ ಬೇಗ ಬೇಗ ಮಿಣುಕತೊಡಗಿತು. ರಾಶಿ ಕರಗತೊಡಗಿತು. ಬಿಸಿಲು ಕಡಿಮೆಯಾಗುವ ಹೊತ್ತಿನಲ್ಲಿ ಹಲಗೆಗೆ ಬಿಸಿಲು ಹೆಚ್ಚು ಸಿಕ್ಕಿತ್ತು. ಧೂಳು ತೊಳೆಯಲು ಮಳೆಯಂತೂ ಇಲ್ಲ.

“ಒರಸ್ಯಾಳ,” ಎಂದಳು ದಾವಲಬಿ, ತೀರ ಮೆಲ್ಲಗೆ.

ಗಾಳಿಯೂ ಇರಬಹುದು ಎಂದೆ. ಇರಬಹುದು ಎಂದು ಒಪ್ಪಿದಳು. ಒಪ್ಪಿಕೊಂಡೇ ತನ್ನ ಪಾಲಿನ ನೀರಿನ ಚೀಲವನ್ನು ನನ್ನ ಕಡೆ ತಳ್ಳಿದಳು. ಅವಳ ಕಾಲು ಗುಡ್ಡ ಹತ್ತುವುದಿಲ್ಲ, ನಾಳೆ ಬಂಡಿಯೇರುವ ಕಣಜವನ್ನು ಬಿಟ್ಟು ಅವಳು ಹೋಗುವಂತೆಯೂ ಇಲ್ಲ. ನನ್ನ ಕಾಲು ಆಗಲೇ ಅಲ್ಲಾಡುತ್ತಿತ್ತು.

ನಿಮ್ಮಲ್ಲಿ ಎರಡು ಬೇಡಿಕೆ. ಯಾವುದನ್ನಾದರೂ ಯಾರಿಗಾದರೂ ಕಾಯುವಂತೆ ಕಟ್ಟಿದರೆ, ಯಾರಿಗಾಗಿ ಎಂದು ಅದರ ಮೇಲೆ ಕೆತ್ತಿಡಿ. ಇನ್ನೊಂದು, ನಿಮ್ಮೂರಿನ ಬಾವಿಗೆ ಒಂದು ಕಲ್ಲು ಹಾಕಿ ಆ ಸದ್ದನ್ನು ಎಲ್ಲಾದರೂ ಜೋಪಾನ ಮಾಡಿ. ನಮ್ಮ ಕಣಜದ ಅತಿ ಹಳೆಯ ದನಿಯೂ ನಿಮ್ಮ ಕಾಲದ ತನಕ ಮುಟ್ಟುವುದಿಲ್ಲ. ನಿಮ್ಮ ಬಾವಿಗಳು ತುಂಬಿದ್ದಾಗ ಕಲ್ಲು ಹೇಗೆ ಸದ್ದು ಮಾಡುತ್ತಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಬುತ್ತಿ ಕಟ್ಟುವಾಗ ದಾವಲಬಿ ಇನ್ನೊಂದು ಮಾತು ಹೇಳಿದಳು.

“ಗುಡ್ಡದ ಮ್ಯಾಲ ಯಾರರ ಕರದಂಗಾದ್ರ ನಿಂತಲ್ಲೇ ಸುತ್ತ ತಿರುಗು. ಬಲಗಿವಿಗೆ ಎಲ್ಲಿ ಜೋರು ಕೇಳತೈತಿ, ಆ ಕಡೆ ನಡಿ.”

ಅವಳಿಗೆ ಯಾವಾಗಿನಿಂದ ಗೊತ್ತಿತ್ತೆಂದು ನಾನು ಕೇಳಲಿಲ್ಲ. ಬಂಡಿಗಳು ಪಡುವಣಕ್ಕೆ ಹೋಗುತ್ತವೆ. ನಾನು ನಾಳೆ ಬೆಳಿಗ್ಗೆ ಬಿಳಿಬಂಡೆಗೆ ಹೊರಡುತ್ತೇನೆ.